ಅಡಿಕೆ ತಲೆಯ ನೌಕಾಪಡೆ

ವಿಘ್ನೇಶ್ವರ ಹೆಗಡೆಯವರಿಗೆ ನೀರಿನ ಮೇಲೆ ತೇಲುವ ಯಾವ ವಸ್ತುವಿನಲ್ಲೂ ನಂಬಿಕೆಯಿರಲಿಲ್ಲ. ಯಲ್ಲಾಪುರದ ಕಡೆಯ ತೋಟದ ಮನೆಯಿಂದ ಕಾರವಾರಕ್ಕೆ ವರ್ಗವಾಗಿ ಬಂದಾಗ ಅವರು ಮೊದಲು ವಿಚಾರಿಸಿದ್ದು ಬಾಡಿಗೆ ಮನೆಯನ್ನಲ್ಲ. ಕಾಳಿ ನದಿಗೆ ಸೇತುವೆ ಇದೆಯೇ ಎಂದು. ಒಂದೇ ಒಂದು ಸಲ, ಹೆಂಡತಿ ವನಮಾಲಾಳ ಹಟಕ್ಕೆ ಮಣಿದು, ಕೂರ್ಮಗಡ ದ್ವೀಪದ ದೇವರಿಗೆ ಹೋಗಲೆಂದು ದೋಣಿ ಹತ್ತಿದ್ದರು. ದೋಣಿಯವ ಹಗ್ಗ ಬಿಚ್ಚುವ ಮೊದಲೇ ವಾಂತಿ ಮಾಡಿಕೊಂಡರು. ಆ ದಿನ ಸಮುದ್ರ ಕೆರೆಯ ಹಾಗೆ ಮಲಗಿತ್ತೆಂದೂ, ಅಲುಗಾಡುತ್ತಿದ್ದುದು ಹೆಗಡೆಯವರು ಮಾತ್ರವೆಂದೂ ದೋಣಿಯವ ಬಹಳ ದಿನ ಹೇಳಿಕೊಂಡು ತಿರುಗಿದ.

ಇಂಥ ಹೆಗಡೆಯವರು ನೌಕಾ ಸೇನಾಪತಿಯ ವಂಶಸ್ಥರಾದದ್ದು ಒಂದು ಭಾನುವಾರ, ಅಂಕೋಲೆಯಲ್ಲಿ, ಹೋಳಿಗೆ ಊಟ ಮಾಡುತ್ತಿದ್ದಾಗ.

ಅಂಕೋಲೆಯಲ್ಲಿ ಇದ್ದವನು ವನಮಾಲಾಳ ಅಣ್ಣ ಶ್ರೀಕಾಂತ. ವಿಮೆ ಏಜೆಂಟ. ಬಾಯಲ್ಲಿ ಸದಾ ಎಲೆಯಡಿಕೆಯ ಕವಳ, ಕಿಸೆಯಲ್ಲಿ ಸದಾ ಅಡಕತ್ತರಿ. ಹೊಸ ಮನೆ ಕಟ್ಟಿಸಿ ನೆಂಟರಿಷ್ಟರಿಗೆ ಊಟ ಹಾಕಿದ್ದ. ಹೆಗಡೆಯವರು ಆ ದಿನಕ್ಕೆಂದೇ ಹೊಸ ಸಫಾರಿ ಹೊಲಿಸಿಕೊಂಡು ಹೋಗಿದ್ದರು. ಆದರೆ ಬಂದವರೆಲ್ಲ ಕತ್ತೆತ್ತಿ ನೋಡಿದ್ದು ಪಡಸಾಲೆಯ ಗೋಡೆಯ ಮೇಲಿದ್ದ ಗಡಿಯಾರವನ್ನು. ಅದು ಹಡಗಿನ ಚುಕ್ಕಾಣಿಯ ಆಕಾರದ ಹಿತ್ತಾಳೆ ಗಡಿಯಾರ, ಗೋವೆಯಿಂದ ತಂದದ್ದು.

ಊಟಕ್ಕೆ ಬಂದವರಲ್ಲಿ ರಾಜೀವ ನಾಯಕ ಮಾಸ್ತರರೂ ಇದ್ದರು. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾಗಿ, ಈಗ ಊರಿನ ಪರಂಪರಾ ಸಮಿತಿಗೆ ಕಾರ್ಯದರ್ಶಿಗಳು. ಹಾಕಿದ ಊಟಕ್ಕೆ ಮರ್ಯಾದೆಯೆಂದು ಅವರು ಒಂದು ಮಾತು ಆಡಿದರು.

"ಶ್ರೀಕಾಂತ, ಈ ಗಡಿಯಾರ ನೋಡಿದ್ರೆ ನಿಮ್ಮ ಮನೆತನದಲ್ಲಿ ಯಾರೋ ಸಮುದ್ರಕ್ಕೆ ಹೋದವ್ರು ಇದ್ರು ಅಂತ್ಲೇ ಹೇಳ್ಬೇಕು."

ಹೆಗಡೆಯವರು ಎತ್ತಿದ ಹೋಳಿಗೆಯನ್ನು ಎಲೆಯ ಮೇಲೇ ಬಿಟ್ಟರು.

"ಮೊಳೆ ಹೊಡ್ದು ಗಡಿಯಾರ ತೂಗಿಸಿದ್ರೆ ಸಮುದ್ರಕ್ಕೆ ಹೋದಾಂಗೆ ಆಗ್ತದ್ಯಾ ಮಾಸ್ತರೆ? ಸಮುದ್ರಕ್ಕೆ ಹೋದವ್ರು ನಮ್ಮ ಮನೆಯವ್ರು. ನಮ್ಮ ಮುತ್ತಜ್ಜನ ಮುತ್ತಜ್ಜ ಸೋದೆ ಅರಸರ ಗಲಬತಕ್ಕೆ ಸೇನಾಪತಿ."

ಗಲಬತವೆಂದರೆ ಹಿಂದಿನ ಕಾಲದ ಯುದ್ಧದ ಹಡಗು. ಹಾಯಿಯೂ ಇರುತ್ತಿತ್ತು, ಆದರೆ ಗಾಳಿ ಬಿದ್ದಾಗ ಎರಡೂ ಬದಿಗೆ ಸಾಲಾಗಿ ಕೂತ ಆಳುಗಳು ಹುಟ್ಟು ಹಾಕಿ ಅದನ್ನು ಓಡಿಸುತ್ತಿದ್ದರು. ಈ ಶಬ್ದ ಹೆಗಡೆಯವರಿಗೆ ಗೊತ್ತಾದದ್ದು ಅದರ ಹಿಂದಿನ ವಾರ, ಮನೆ ಮಾಲಕರು ಓದಿ ಬಿಸಾಡಿದ ಮರಾಠಿ ದೀಪಾವಳಿ ಸಂಚಿಕೆಯಲ್ಲಿ ಚಿತ್ರ ನೋಡಿದಾಗ. ಜ್ಞಾನ ಹೊಸದಾಗಿದ್ದರೆ ಅದು ಬಾಯಿಯ ಹತ್ತಿರವೇ ಇರುತ್ತದೆ.

ಮಾಸ್ತರರು ಎಲೆಯ ಮೇಲಿನ ಕೈ ಎತ್ತಿಬಿಟ್ಟರು. "ಗಲಬತ! ಹೆಗಡೇರೆ, ಅದಕ್ಕೆ ಏನಾದ್ರೂ ಸಾಕ್ಷಿ ಇದ್ಯೇನ್ರಿ?"

"ಸಾಕ್ಷಿ ಎಂತಕ್ಕೆ? ಹಡಗೇ ಇದೆ," ಎಂದರು ಹೆಗಡೆ. ಎಲ್ಲರೂ ತಮ್ಮನ್ನೇ ನೋಡುತ್ತಿದ್ದುದರಿಂದ ತುಸು ಇಳಿದು, "ಅಂದ್ರೆ ಅದರ ಮರದ ಮಾದರಿ. ಸೇನಾಪತಿಯೇ ಕೈಯಾರೆ ಮಾಡಿದ್ದು. ಇನ್ನೂರು ವರ್ಷ ಹಳೇದು. ನಮ್ಮನೇಲಿದೆ," ಎಂದರು.

ಮಜ್ಜಿಗೆ ಬಡಿಸುತ್ತಿದ್ದ ವನಮಾಲಾ ಸೌಟು ಹಿಡಿದು ಹಾಗೇ ನಿಂತಳು. ಮದುವೆಯಾಗಿ ಬಂದಂದಿನಿಂದ ಆ ಮನೆಯಲ್ಲಿ ಅವಳು ಹಡಗೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಒರೆಸಿದ್ದಳು.

ಮಾಸ್ತರರ ಸಮಿತಿಗೆ ಆಗತಾನೆ ಒಂದು ಕಟ್ಟಡವಾಗಿತ್ತು. ಅದರಲ್ಲಿ ಒಂದು ದೊಡ್ಡ ಗಾಜಿನ ಕಪಾಟು. ಒಳಗಿಡಲು ಏನೂ ಇಲ್ಲದೆ ಅದು ಖಾಲಿ ನಿಂತಿತ್ತು. ಬಂದವರು ತಮ್ಮ ತಮ್ಮ ಮುಖವನ್ನೇ ನೋಡಿಕೊಂಡು ತಲೆ ಬಾಚಿಕೊಂಡು ಹೋಗುತ್ತಿದ್ದರು. "ಹೆಗಡೇರೆ, ಇಲ್ಲ ಅನ್ಬೇಡಿ," ಎಂದರು ಮಾಸ್ತರರು. "ಆ ಕಪಾಟು ನಿಮ್ಮ ಹಡಗಿಗೇ ಕಾದು ನಿಂತಿದೆ. ಕೆಳಗೊಂದು ಹಿತ್ತಾಳೆ ಫಲಕ ಹಾಕಿಸುವ. ನೌಕಾ ಸೇನಾಪತಿ ವಂಶಸ್ಥ ಶ್ರೀ ವಿಘ್ನೇಶ್ವರ ಹೆಗಡೆಯವರ ಕೊಡುಗೆ ಅಂತ. ಸುಗ್ಗಿ ಹುಣ್ಣಿಮೆ ಮರುದಿನ ಹೇಗೂ ನಮ್ಮದೊಂದು ಕಾರ್ಯಕ್ರಮ ಇದೆ, ಅವತ್ತೇ ಇಟ್ಕೊಳ್ಳುವ. ಪೇಟೇಲಿ ಜನ ತಾವಾಗೇ ಇರ್ತಾರೆ."

ಇಷ್ಟು ದೊಡ್ಡ ಮಾತಿನಲ್ಲಿ ಹೆಗಡೆಯವರಿಗೆ ಕೇಳಿಸಿದ್ದು ಹಿತ್ತಾಳೆ ಫಲಕವೊಂದೇ. ಅವರ ಹೆಸರು ಅಲ್ಲಿಯವರೆಗೆ ಲೋಹದ ಮೇಲೆ ಬಂದದ್ದು ಮದುವೆಯಲ್ಲಿ ಉಡುಗೊರೆ ಬಂದ ಸ್ಟೀಲಿನ ಕೊಡದ ಮೇಲೆ ಮಾತ್ರ. ಅಲ್ಲೂ ವನಮಾಲಾಳ ಹೆಸರಿನ ಕೆಳಗೆ.

ಶ್ರೀಕಾಂತ ಕವಳವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿ, "ಭಾವಾ, ಇಷ್ಟು ವರ್ಷ ಹೇಳಿದ್ದೇ ಇಲ್ಲೆ ನೋಡು!" ಎಂದ. ಅವನ ನಗುವಿನಲ್ಲಿ ವಿಮೆಗೆ ಸಹಿ ಹಾಕುವ ಮೊದಲು ಗಿರಾಕಿಯ ಆರೋಗ್ಯ ಪರೀಕ್ಷಿಸುವವನ ಸಮಾಧಾನವಿತ್ತು.

ಕಾರವಾರಕ್ಕೆ ಮರಳುವ ಬಸ್ಸು ಅಮದಳ್ಳಿ ದಾಟಿತು. ಆಗ ವನಮಾಲಾ ಕೇಳಿದಳು.

"ಯಾವ ಹಡಗು?"

"ಇದ್ದು."

"ಎಲ್ಲಿದ್ದು?"

ಹೆಗಡೆಯವರು ಕಿಟಕಿಯ ಹೊರಗೆ ನೋಡಿದರು. ಅಲ್ಲಿ ಸಮುದ್ರವಿತ್ತು. ತಲೆ ತಿರುಗಿದಂತಾಗಿ ಮುಖ ಒಳಗೆ ತಂದು ಹೇಳಿದರು: "ಆಗ್ತು."

ಮರುದಿನದಿಂದಲೇ ಹಬ್ಬುವಾಡದ ಆ ಬಾಡಿಗೆ ಮನೆಯ ಹಿತ್ತಿಲಿನಲ್ಲಿ ಹಡಗುಕಟ್ಟೆ ಶುರುವಾಯಿತು. ಆಚಾರಿಗೆ ಹೇಳಿ ಮಾಡಿಸಬಹುದಿತ್ತು. ಆದರೆ ಇನ್ನೂರು ವರ್ಷ ಹಳೆಯ ವಸ್ತುವನ್ನು ಮುಂದಿನ ತಿಂಗಳೊಳಗೆ ಮಾಡಿಕೊಡು ಎಂದು ಯಾವ ಆಚಾರಿಗೆ ಹೇಳುವುದು? ತಾವೇ ಮಾಡುವುದೆಂದು ನಿಶ್ಚಯಿಸಿದರು. ಅವರಿಗೆ ಧೈರ್ಯ ಕೊಟ್ಟದ್ದು ಅವರ ವೃತ್ತಿ. ತಕ್ಕಡಿ, ತೂಕದ ಕಲ್ಲು, ಅಳತೆಪಟ್ಟಿಗಳಿಗೆ ಮುದ್ರೆ ಒತ್ತುವ ಕಚೇರಿಯಲ್ಲಿ ಅವರು ಗುಮಾಸ್ತರು. ಜಗತ್ತಿನಲ್ಲಿ ಅಳತೆ ತಪ್ಪುವುದು ಬೇರೆಯವರಿಗೆ ಮಾತ್ರ ಎಂಬ ತಿಳುವಳಿಕೆ ಅಂಥಲ್ಲಿ ಕೂತವರಿಗೆ ತಾನಾಗಿ ಬರುತ್ತದೆ.

ಮರಾಠಿ ಸಂಚಿಕೆಯಲ್ಲಿ ಎರಡು ಚಿತ್ರಗಳಿದ್ದವು. ಒಂದು ಇಡೀ ಹಡಗಿನದು. ಇನ್ನೊಂದು ಒಂದೇ ಒಂದು ಹುಟ್ಟಿನದು. ಅದರ ಹಿಡಿ, ಅಲಗು ಸ್ಪಷ್ಟ ಕಾಣಲೆಂದು ದೊಡ್ಡದು ಮಾಡಿ ಬರೆದದ್ದು. ಚಿತ್ರದ ಕೆಳಗೆ ಅದರ ಪ್ರಮಾಣ ಏನೆಂದು ಸಣ್ಣಕ್ಷರದಲ್ಲಿ ಕೊಟ್ಟಿತ್ತು. ಸಣ್ಣಕ್ಷರ ಓದುವುದು ಸಣ್ಣವರ ಕೆಲಸವೆಂದು ಹೆಗಡೆಯವರು ಎರಡೂ ಚಿತ್ರಗಳನ್ನು ಒಂದೇ ಅಳತೆಪಟ್ಟಿಯಿಂದ ಅಳೆದರು. ಪರಿಣಾಮವಾಗಿ ಹಡಗು ಒಂದು ಮೊಳ ಉದ್ದವಾಯಿತು. ಅದರ ಒಂದೊಂದು ಹುಟ್ಟು ಒಂದೂಕಾಲು ಮೊಳ.

ಊರಿನಿಂದ ತಂದಿದ್ದ ಹಲಸಿನ ಮಣೆಗಳು ಹಡಗಿನ ಒಡಲಾದವು. ಹುಟ್ಟುಗಳಿಗೆ ಅಡಿಕೆ ಮರದ ದಬ್ಬೆ ಸೀಳಿದರು. ತೋಪುಗಳಿಗೆ ಬರೆದು ಮುಗಿದ ಬಾಲ್‌ಪೆನ್ನುಗಳು ಬಂದವು. ಕಷ್ಟವಾದದ್ದು ಹುಟ್ಟು ಹಾಕುವ ಆಳುಗಳದು. ಮೊದಲನೆಯ ಮುಖ ಕೆತ್ತಿದಾಗ ಅದು ಕಚೇರಿಯ ಸಾಹೇಬರ ಹಾಗೆ ಕಂಡಿತು. ಎರಡನೆಯದನ್ನು ಬೇಕೆಂದೇ ಬೇರೆ ಮಾಡಲು ಹೋದಾಗ ಸಾಹೇಬರ ಹೆಂಡತಿಯ ಹಾಗೆ ಕಂಡಿತು. ಗಾಬರಿಯಾಗಿ ಎರಡನ್ನೂ ಒಲೆಗೆ ಹಾಕಿದರು. ಕೊನೆಗೆ ತೋಟದ ಮನೆಯಲ್ಲಿ ಹುಟ್ಟಿದವನಿಗೆ ಮಾತ್ರ ಹೊಳೆಯಬಹುದಾದ ಉಪಾಯ ಹೊಳೆಯಿತು: ಊರಿನಿಂದ ಬಂದ ಚೀಲದಿಂದ ಬಿಸಿಲಲ್ಲಿ ಒಣಗಿಸಿ ಸುಲಿದ, ಒಂದೇ ಗಾತ್ರದ ಚಾಲಿ ಅಡಿಕೆಗಳನ್ನು ಆರಿಸಿ, ಕಡ್ಡಿಯ ಮೇಲೆ ಕೂರಿಸಿ, ಕಣ್ಣು ಮೀಸೆ ಬರೆದರು. ಸೋದೆ ಅರಸರ ನೌಕಾಪಡೆ ಬಕ್ಕ ತಲೆಯಲ್ಲಿ ಸಾಲಾಗಿ ಕೂತಿತು.

ಹಿತ್ತಿಲ ಬೇಲಿಯಾಚೆ ಭಾರತಿಯ ಮನೆ. ಅವಳ ಗಂಡ ಹರೀಶ ಟೆಂಪೋ ಓಡಿಸುತ್ತಿದ್ದ. ಭಾರತಿ ಬಟ್ಟೆ ಒಣಗಿಸುವ ನೆಪದಲ್ಲಿ ಒಣಗಿದ ಬಟ್ಟೆಗಳನ್ನೇ ಮತ್ತೆ ಹರವುತ್ತ ಈ ಕೆಲಸವನ್ನು ಮೊದಲ ದಿನದಿಂದ ನೋಡಿದ್ದಳು.

"ವನಮಾಲಕ್ಕಾ, ಹೆಗಡೇರು ಎಂತಾ ಮಾಡೂದು ಅದು? ಶಾವಿಗೆ ಒಣಗ್ಸೂಕಾ?"

"ಕೇಳ್ಬೇಡ ಭಾರತಿ."

"ಅಲ್ಲಾ, ಬರೀ ಕಾಲೇ ಕಾಣ್ತದಲೆ. ಜರಿಹುಳದ ಹಾಂಗೆ ಅದೆ."

"ಜರಿಯಲ್ಲ, ನೌಕೆ!" ಎಂದು ಹೆಗಡೆಯವರು ಕೂಗಿ, ತಕ್ಷಣ ನಾಲಿಗೆ ಕಚ್ಚಿಕೊಂಡರು. "ನಮ್ಮ ಮನೆತನದ್ದು. ಬಹಳ ಹಳೇದು. ಸ್ವಲ್ಪ ರಿಪೇರಿ ಮಾಡ್ತಾ ಇದ್ದೇನೆ."

"ಹಳೇದಾ?" ಭಾರತಿ ಬೇಲಿಯ ಮೇಲೆ ಬಗ್ಗಿದಳು. "ಮೊನ್ನೆ ಅದು ಮಣೆ ಆಗಿತ್ತಲ್ರಾ ಹೆಗಡೇರೆ? ನಾನೇ ಅದ್ರ ಮೇಲೆ ಕೂತು ಚಾ ಕುಡ್ದಿದ್ನಲೆ."

ಹೆಗಡೆಯವರು ಕೆಲಸವನ್ನು ಬಚ್ಚಲುಮನೆಗೆ ಸ್ಥಳಾಂತರಿಸಿದರು. ಬಚ್ಚಲ ಕಿಟಕಿಯೂ ಬೇಲಿಯ ಕಡೆಗೇ ಇತ್ತು.

ಹಡಗು ಕಟ್ಟುವುದು ಒಂದು ಶಾಸ್ತ್ರವಾದರೆ ಅದನ್ನು ಮುದುಕನನ್ನಾಗಿ ಮಾಡುವುದು ಇನ್ನೊಂದು. ಮೊದಲು ಬಣ್ಣ. ಪೇಟೆಯ ವಾರ್ನಿಷು ಪೇಟೆಯ ಹಾಗೇ ಮಿರುಗುತ್ತದೆ ಎಂದು, ಊರಿನ ಅಣ್ಣನಿಗೆ ಹೇಳಿ ಒಂದು ಡಬ್ಬ ಚೊಗರು ತರಿಸಿದರು. ಹಸಿ ಅಡಿಕೆ ಬೇಯಿಸಿದಾಗ ಉಳಿಯುವ ಕೆಂಗಂದು ರಸ ಅದು. ಅಡಿಕೆಗೆ ಬಣ್ಣ ಬರಲು ಹಚ್ಚುತ್ತಾರೆ. ಹಡಗಿಗೆ ಕೈ ಮೇಲೆ ಕೈ ಬಳಿದರು. ಆಮೇಲೆ ಬಚ್ಚಲ ಒಲೆಯ ಮೇಲೆ ತೂಗುಹಾಕಿ ಹೊಗೆ ಕೊಟ್ಟರು. ವನಮಾಲಾ ಬಿಸಿನೀರಿಗೆ ಬೆಂಕಿ ಹಾಕಿದಾಗಲೆಲ್ಲ ಸೋದೆಯ ನೌಕಾಪಡೆ ಕೆಮ್ಮಿತು. ಕೊನೆಗೆ ಹುಳ ಹಿಡಿದ ಗುರುತು ಬೇಕಿತ್ತು. ನಿಜವಾದ ಹುಳಕ್ಕೆ ಸಮಯವಿಲ್ಲದ್ದರಿಂದ ಹೆಂಡತಿಯ ತಲೆಪಿನ್ನನ್ನು ಕಾಯಿಸಿ ತೂತು ಚುಚ್ಚಿದರು. ಅಳತೆಯ ಕಚೇರಿಯವರಲ್ಲವೇ, ಪಟ್ಟಿ ಇಟ್ಟು ಗೆರೆ ಎಳೆದುಕೊಂಡೇ ಚುಚ್ಚಿದರು. ಇನ್ನೂರು ವರ್ಷದ ಹಿಂದಿನ ಹುಳಗಳು ಅಷ್ಟೊಂದು ಶಿಸ್ತಿನಲ್ಲಿ, ಸಮಾನ ಅಂತರ ಬಿಟ್ಟು ಸಾಲಾಗಿ ಮರ ಕೊರೆಯುತ್ತಿದ್ದುವೆಂಬುದು ಕೀಟಶಾಸ್ತ್ರಕ್ಕೆ ಹೊಸ ಸಂಗತಿ.

"ಇದು ಒಣಗಿದ್ದಾ ನೋಡಿ," ಎಂದಳು ವನಮಾಲಾ. ಮುಟ್ಟಿದ ಬೆರಳು ಕೆಂಪಾಗಿತ್ತು.

"ಸಮುದ್ರದ ಗಾಳಿ," ಎಂದರು ಹೆಗಡೆ. "ಗಲಬತ ಅಂದ್ಮೇಲೆ ಸ್ವಲ್ಪ ಹಸಿ ಇದ್ರೂ ಅಡ್ಡಿಲ್ಲೆ."

ಇಲ್ಲಿ ಸುಗ್ಗಿಯ ವಿಷಯ ಎರಡು ಮಾತು ಹೇಳಬೇಕು. ಅಂಕೋಲೆಯ ಸುತ್ತಿನ ಹಳ್ಳಿಗಳಲ್ಲಿ ಫಾಲ್ಗುಣದ ಹುಣ್ಣಿಮೆಗೆ ಸುಗ್ಗಿ ಕಟ್ಟುತ್ತಾರೆ. ಬಣ್ಣದ ತುರಾಯಿ ಕಟ್ಟಿ ಕುಣಿಯುವುದು ಒಂದು ಭಾಗ. ಇನ್ನೊಂದು ಭಾಗ ಹಗರಣ. ಆ ವರ್ಷ ಸುತ್ತಮುತ್ತ ಯಾರು ಯಾವ ಪೆದ್ದುತನ ಮಾಡಿದ್ದಾರೋ, ಯಾರು ಎಷ್ಟು ಸೊಕ್ಕಿದ್ದಾರೋ ಅದನ್ನೆಲ್ಲ ವೇಷ ಹಾಕಿ, ಮೆರವಣಿಗೆಯಲ್ಲಿ ಅಣಕಿಸಿ ತೋರಿಸುವುದು. ಹೆಸರು ಹೇಳುವಂತಿಲ್ಲ. ಅಣಕಕ್ಕೆ ಸಿಕ್ಕಿದವರು ಸಿಟ್ಟು ಮಾಡುವಂತಿಲ್ಲ. ಮಾಡಿದರೆ ಮರುವರ್ಷವೂ ಅವರದೇ ಪಾಳಿ. ಹೆಗಡೆಯವರು ಪ್ರತಿವರ್ಷ ಆ ಹೊತ್ತಿಗೆ ಊರಿಗೆ ಹೋಗಿಬಿಡುತ್ತಿದ್ದುದರಿಂದ ಅವರಿಗೆ ತುರಾಯಿಯ ಕುಣಿತವಷ್ಟೇ ಗೊತ್ತಿತ್ತು. ಮಾಸ್ತರರು ಹೇಳಿದ 'ನಮ್ಮದೊಂದು ಕಾರ್ಯಕ್ರಮ' ಹಗರಣದ ಸ್ಪರ್ಧೆಯೆಂಬುದನ್ನು ಅವರು ಕೇಳಲೂ ಇಲ್ಲ, ಮಾಸ್ತರರು ಹೇಳಲೂ ಇಲ್ಲ. ಗೊತ್ತಿಲ್ಲದವರು ಜಿಲ್ಲೆಯಲ್ಲಿ ಇರಬಹುದೆಂದು ಮಾಸ್ತರರಿಗೆ ಹೊಳೆಯಲಿಲ್ಲ.

ಭಾರತಿಯ ತವರು ಹಟ್ಟಿಕೇರಿ. ಅಲ್ಲಿ ಹಗರಣದ ಮೇಳ ಕಟ್ಟುವವನು ಅವಳ ಅಣ್ಣ ಹುಲಿಯಾ. ಆ ವರ್ಷ ಅವನಿಗೆ ವಿಷಯ ಸಿಗದೆ ಊಟ ಸೇರುತ್ತಿರಲಿಲ್ಲ.

"ಊರಲ್ಲಿ ಎಲ್ರೂ ಶಾಣ್ಯಾ ಆಗಿ ಕೂತಾರೆ ತಂಗಿ," ಎಂದು ಅವನು ಗೋಳಾಡಿದ. "ಒಬ್ಬನಾದ್ರೂ ಬಿದ್ದಾನಾ, ಜಾರ‍್ಯಾನಾ? ಹಗರ್ಣ ಮಾಡೂದು ಹ್ಯಾಂಗೆ?"

"ನಮ್ಮ ಆಚಿಮನೆಲಿ ಒಬ್ರು ಹಡಗ ಬೇಯಿಸ್ತೇ ಅವ್ರೆ," ಎಂದಳು ಭಾರತಿ.

ಹುಲಿಯಾ ಗಂಜಿ ಬಟ್ಟಲು ಹತ್ತಿರ ಎಳೆದುಕೊಂಡ. "ಸುರುವಿಂದ ಹೇಳ್."

ಆ ದಿನ ಬಂತು. ಹೆಗಡೆಯವರು ಹಡಗಿಗೆ ಶಾಲು ಹೊದಿಸಿ, ಹರೀಶನ ಟೆಂಪೋದಲ್ಲಿ ಮುಂದಿನ ಸೀಟಿನ ಮೇಲೆ ಕೂರಿಸಿದರು; ಹುಟ್ಟುಗಳು ಎರಡೂ ಕಿಟಕಿಯಿಂದ ಹೊರಗೆ ಚಾಚಿದವು. ತಾವೂ ವನಮಾಲಾಳೂ ಹಿಂದೆ ಸಾಮಾನು ತುಂಬುವಲ್ಲಿ ಕೂತರು. ಬಿಳಿ ಪಂಚೆ, ಬಿಳಿ ಜುಬ್ಬ, ಕುತ್ತಿಗೆಗೆ ಅವರು ಬೇಸಿಗೆಯಲ್ಲೂ ಬಿಡದ ಹಸಿರು ಮಫ್ಲರು. ಹರೀಶ ದಾರಿಯುದ್ದಕ್ಕೂ ಕೆಮ್ಮಿದ ಹಾಗೆ ನಗುತ್ತಲೋ, ನಕ್ಕ ಹಾಗೆ ಕೆಮ್ಮುತ್ತಲೋ ಇದ್ದ.

ಅಂಕೋಲೆ ಪೇಟೆಯ ಬಾಯಲ್ಲಿ ಟೆಂಪೋ ನಿಂತಿತು. ರಸ್ತೆ ತುಂಬ ಜನ. ಜಾಗಟೆ, ಗುಮಟೆ, ಕೇಕೆ. ಜನರ ನಡುವಿನಿಂದ ಒಂದು ಹಡಗು ಬರುತ್ತಿತ್ತು.

ಬಾಳೆದಿಂಡಿನ ಒಡಲು, ಅಡಿಕೆ ಹಾಳೆಯ ಹಾಯಿ. ಎರಡು ಬದಿಗೂ ಗಳುಗಳ ಹುಟ್ಟು. ಅವು ಎಷ್ಟು ಉದ್ದವೆಂದರೆ ಒಂದು ಬದಿಯವು ಕಿರಾಣಿ ಅಂಗಡಿಯ ಬಾಳೆಗೊನೆಗೆ ತಾಗುತ್ತಿದ್ದವು, ಇನ್ನೊಂದು ಬದಿಯವು ಎದುರಿನ ದರ್ಜಿಯ ಕತ್ತರಿಯನ್ನು ಕೆಳಗೆ ಬೀಳಿಸುತ್ತಿದ್ದವು. ಮೂತಿಯಲ್ಲಿ ಹೊಟ್ಟೆಗೆ ದಿಂಬು ಕಟ್ಟಿಕೊಂಡ ಸೇನಾಪತಿ. ತಂತಿಯ ಕನ್ನಡಕ, ಕುತ್ತಿಗೆಗೆ ಹಸಿರು ಮಫ್ಲರು. ಒಂದು ಕೈಯಲ್ಲಿ ತಲೆಪಿನ್ನು ಹಿಡಿದು ಹಡಗಿಗೆ ಚುಚ್ಚುತ್ತಾನೆ, ಇನ್ನೊಂದು ಕೈಯ ಪೊರಕೆಯಿಂದ ಕೆಂಪು ನೀರು ಬಳಿಯುತ್ತಾನೆ, ನಡುನಡುವೆ ಬಕೆಟ್ಟಿಗೆ ಬಗ್ಗಿ ವಾಂತಿ ಮಾಡುತ್ತಾನೆ. ಮತ್ತೆ ಎದ್ದು ಕೂಗುತ್ತಾನೆ: "ಇನ್ನೂರು ವರ್ಷ ಹಳೇದು! ಯಾರೂ ಮುಟ್ಬೇಡಿ, ಬಣ್ಣ ಹಸಿ ಇದೆ!"

ಹಿಂದೆ ಸೀರೆಯುಟ್ಟ ಒಬ್ಬ ಗಂಡಸು ಹಣೆ ಹಣೆ ಚಚ್ಚಿಕೊಳ್ಳುತ್ತ ಬರುತ್ತಿದ್ದ. ಅವನ ಕೈಯಲ್ಲಿ ಬಿಸಿನೀರಿನ ತಂಬಿಗೆ.

ವನಮಾಲಾಳಿಗೆ ನೋಡಿದ ಕೂಡಲೇ ಎಲ್ಲ ತಿಳಿಯಿತು. ಮೊದಲು ಮುಖ ಕೆಂಪಾಯಿತು. ಆಮೇಲೆ, ತನ್ನ ಪಾತ್ರ ಹಣೆ ಚಚ್ಚಿಕೊಳ್ಳುವ ರೀತಿ ತೀರಾ ಸರಿಯಾಗಿಯೇ ಇದೆಯೆನ್ನಿಸಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಹೆಗಡೆಯವರ ಕಣ್ಣಲ್ಲಿ ನೀರು ಬಂದಿತ್ತು. "ವನಮಾಲಾ, ನೋಡು! ನಮ್ಮ ಮುತ್ತಜ್ಜನ ಮೆರವಣಿಗೆ! ಮಾಸ್ತರು ಎಷ್ಟು ಚೊಲೋ ಏರ್ಪಾಡು ಮಾಡ್ಸಿದ್ದ!"

"ಅದು ಮುತ್ತಜ್ಜ ಅಲ್ಲ."

"ಮತ್ಯಾರು?"

"ಅವನ ಮಫ್ಲರ್ ನೋಡಿ."

"ಹೌದಲ! ಮುತ್ತಜ್ಜನ ಕಾಲದಿಂದ್ಲೂ ನಮ್ಮ ಮನೇಲಿ ಮಫ್ಲರ್ ಇತ್ತು ಹೇಳಾತು."

ವನಮಾಲಾ ಅವರ ಜುಬ್ಬದ ತುದಿ ಹಿಡಿದು ಎಳೆದಳು. ತುದಿ ಹರಿಯಿತು, ಹೆಗಡೆಯವರು ನಿಲ್ಲಲಿಲ್ಲ. ಹಡಗಿನ ಶಾಲು ತೆಗೆದು, ಅದನ್ನು ತಲೆಯ ಮೇಲೆತ್ತಿ ಹಿಡಿದು, ನೇರ ಮೆರವಣಿಗೆಯೊಳಗೆ ನಡೆದರು.

ಗುಮಟೆಯ ತಾಳ ಒಂದು ಕ್ಷಣ ತಪ್ಪಿತು. ಜನ ಅವರನ್ನು ನೋಡಿದರು, ಬಾಳೆದಿಂಡಿನ ಮೇಲಿದ್ದ ಹುಲಿಯಾನನ್ನು ನೋಡಿದರು. ಅದೇ ಹೊಟ್ಟೆ, ಅದೇ ಕನ್ನಡಕ, ಅದೇ ಮಫ್ಲರು. ಅವನ ಕಾಲ ಕೆಳಗಿದ್ದ ಜರಿಹುಳದಂಥ ಹಡಗೇ ಇವರ ತಲೆಯ ಮೇಲೆ.

"ಹೋ! ಜೋಡಿ ವೇಷ!" ಎಂದು ಯಾರೋ ಕೂಗಿದರು. ಪೇಟೆ ಹುಯ್ಯೆಂದಿತು.

ಹುಲಿಯಾನೂ ಚುಚ್ಚುವುದನ್ನು ಬಿಟ್ಟು ನೋಡಿದ. ಇಷ್ಟು ವರ್ಷದ ಹಗರಣದಲ್ಲಿ ಅಣಕಕ್ಕೆ ಸಿಕ್ಕಿದ ಆಸಾಮಿಯೇ ಸಾಮಾನು ಸಮೇತ ಬಂದು ಮೇಳ ಸೇರಿದ್ದನ್ನು ಅವನು ಕಂಡಿರಲಿಲ್ಲ. ಆದರೂ ವೇಷ ಹಾಕಿದ ಮೇಲೆ ವೇಷದವನೇ. ಕೈ ಜೋಡಿಸಿ, "ಬನ್ನಿ ಒಡ್ಯಾ, ಬನ್ನಿ. ಹಡಗ ನಿಮ್ಮದೇ. ಬಕೆಟ್ಟೂ ನಿಮ್ಮದೇ," ಎಂದ.

ಹೆಗಡೆಯವರು ಅತ್ಯಂತ ಗಂಭೀರವಾಗಿ ನಮಸ್ಕರಿಸಿ ಬಾಳೆದಿಂಡಿನ ಹಡಗನ್ನು ಹತ್ತಿದರು. ಹೊತ್ತವರು ಒಮ್ಮೆ ಅಲುಗಾಡಿಸಿದ ಕೂಡಲೇ ಅವರ ಮುಖ ಬಿಳಿಚಿತು. ಕೈ ತಾನಾಗಿ ಬಕೆಟ್ಟು ಹುಡುಕಿತು. ಜನ ಬಿದ್ದು ಬಿದ್ದು ನಕ್ಕರು. ಅಷ್ಟರಲ್ಲಿ ಎರಡೂ ಬದಿಯ ಮಹಡಿಗಳಿಂದ ಓಕುಳಿ ನೀರು ಬಿತ್ತು. ತಲೆಯ ಮೇಲಿದ್ದ ಗಲಬತದಿಂದ ಚೊಗರು ಇಳಿಯತೊಡಗಿತು: ಮೊದಲು ಕಿವಿಯ ಹಿಂದೆ, ಆಮೇಲೆ ಕುತ್ತಿಗೆಗೆ, ಆಮೇಲೆ ಬಿಳಿ ಜುಬ್ಬದ ಮೇಲೆ ಕೆಂಗಂದು ಹೊಳೆಗಳಾಗಿ. ಸಮಿತಿಯ ಕಟ್ಟಡದೆದುರಿನ ವೇದಿಕೆ ತಲುಪುವ ಹೊತ್ತಿಗೆ ಸೇನಾಪತಿಯ ವಂಶಸ್ಥರು ಯುದ್ಧದಲ್ಲಿ ಸೋತು ಬಂದವರಂತೆ ಕಾಣುತ್ತಿದ್ದರು.

ವೇದಿಕೆಯ ಮೇಲೆ ರಾಜೀವ ಮಾಸ್ತರರು, ಬಂಧುವೆಂಬ ಹಕ್ಕಿನಿಂದ ಶ್ರೀಕಾಂತ, ಮತ್ತು ಮುಖ್ಯ ಅತಿಥಿಗಳು. ಅತಿಥಿಗಳು ಬೆಳಗಾವಿಯ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದಿದ್ದ ಒಬ್ಬ ದೊಡ್ಡ ಅಧಿಕಾರಿ. ಹಗರಣವೆಂದರೇನೆಂದು ಆ ಬೆಳಿಗ್ಗೆ ತಿಳಿದುಕೊಂಡು, ಈಗ ನೋಡಿದ್ದೆಲ್ಲವನ್ನೂ ಹಗರಣವೆಂದೇ ತಿಳಿಯಲು ಸಿದ್ಧರಾಗಿ ಕೂತಿದ್ದರು. ಅವರ ಹಿಂದೆ ಗಾಜಿನ ಕಪಾಟು.

ಹೆಗಡೆಯವರು ಹಡಗನ್ನು ಮೇಜಿನ ಮೇಲಿಟ್ಟು ಧ್ವನಿವರ್ಧಕ ಹಿಡಿದರು.

"ಮಹನೀಯರೇ, ನಮ್ಮದು ಸಮುದ್ರವನ್ನು ಆಳಿದ ಮನೆತನ."

ಜನ ಚಪ್ಪಾಳೆ ತಟ್ಟಿದರು. ಹಿಂದಿನಿಂದ ಹುಲಿಯಾ ಬಕೆಟ್ಟಿಗೆ ಬಗ್ಗಿದ.

"ಈ ನೌಕೆ ಇನ್ನೂರು ವರ್ಷಗಳಿಂದ ನಮ್ಮ ದೇವರ ಕೋಣೆಯಲ್ಲಿತ್ತು."

"ಮಣೆ ಆಗಿ!" ಎಂದಿತು ಗುಂಪಿನಿಂದ ಒಂದು ಹೆಣ್ಣು ದನಿ. ಅದು ಭಾರತಿಯದು.

"ಈ ಒಂದೊಂದು ತೂತಿಗೂ ಒಂದೊಂದು ಇತಿಹಾಸವಿದೆ."

ಮುಖ್ಯ ಅತಿಥಿಗಳು ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. ಮಾಸ್ತರರು ಮಾತ್ರ ನಗುತ್ತಿರಲಿಲ್ಲ. ಅವರು ಜುಬ್ಬದ ಮೇಲಿನ ಕಲೆಯನ್ನೂ ಹಡಗಿನ ಮೇಲೆ ಹಲಸಿನ ಹಳದಿ ಬಣ್ಣ ಹೊರಬೀಳುತ್ತಿರುವುದನ್ನೂ ನೋಡುತ್ತಿದ್ದರು. ಫಲಕ ಆಗಲೇ ಕೆತ್ತಿಸಿಯಾಗಿತ್ತು.

ಶ್ರೀಕಾಂತನಿಗೆ ಭಾಷಣ ಕೇಳುವಾಗ ಕವಳ ಬೇಕು. ಸಂಚಿ ಬಿಚ್ಚಿದರೆ ಓಕುಳಿಗೆ ಸಿಕ್ಕಿ ಅಡಿಕೆಯೆಲ್ಲ ಬಣ್ಣದ ನೀರಲ್ಲಿ ತೇಲುತ್ತಿತ್ತು. ಕಣ್ಣು ಭಾಷಣದ ಮೇಲೇ ಇತ್ತು. ಕೈ ಮಾತ್ರ ತನ್ನ ಅಭ್ಯಾಸದಂತೆ ಅತ್ತಿತ್ತ ಹುಡುಕಿ, ಮೇಜಿನ ಮೇಲಿದ್ದ ಹಡಗಿಗೆ ತಾಗಿ, ಒಬ್ಬ ನಾವಿಕನ ತಲೆಯನ್ನು ಕಿತ್ತಿತು. ಅಡಕತ್ತರಿ 'ಕಟ್' ಎಂದಿತು. ಹೋಳು ಬಾಯಿಗೆ ಹೋಯಿತು.

ಶ್ರೀಕಾಂತ ಎರಡು ಸಲ ಅಗಿದು ನಿಲ್ಲಿಸಿದ. ಹೆಗಡೆಯವರ ಕಡೆ ಬಗ್ಗಿದ. ಧ್ವನಿವರ್ಧಕ ನಡುವೆ ಇದ್ದದ್ದರಿಂದ ಮಾತು ಇಡೀ ಅಂಕೋಲೆಗೆ ಕೇಳಿತು.

"ಭಾವಾ, ಇದು ಈ ವರ್ಷದ ಚಾಲಿ. ಇನ್ನೂ ಸಮಾ ಒಣಗಿದ್ದೇ ಇಲ್ಲೆ."

ಹಳೆಯ ವಸ್ತುವಿನ ವಯಸ್ಸು ಹೇಳಲು ಅದರಲ್ಲಿ ಉಳಿದ ಇಂಗಾಲವನ್ನು ಅಳೆಯುವ ವಿಧಾನವೊಂದಿದೆ; ಅದಕ್ಕೆ ದೊಡ್ಡ ಪ್ರಯೋಗಶಾಲೆ ಬೇಕು, ಆದರೂ ಐವತ್ತು ವರ್ಷ ಅತ್ತಿತ್ತ ಆಗಬಹುದು. ಕವಳದ ಬಾಯಿ ವರ್ಷವನ್ನಲ್ಲ, ಸುಲಿದ ತಿಂಗಳನ್ನೇ ಹೇಳುತ್ತದೆ.

ಹೆಗಡೆಯವರ ಬಾಯಿ ತೆರೆದೇ ಇತ್ತು. ಈಗ, ಈ ಗಳಿಗೆಯಲ್ಲಿ, ಅವರಿಗೆ ಎಲ್ಲ ತಿಳಿಯಿತು: ಮಫ್ಲರು, ತಲೆಪಿನ್ನು, ಬಕೆಟ್ಟು. ಆಮೇಲೆ ಪೇಟೆಯಿಂದ ಎದ್ದ ನಗು ಎಂಥದೆಂದರೆ ಮರದ ಮೇಲಿನ ಕಾಗೆಗಳು ಒಟ್ಟಿಗೆ ಎದ್ದು ಸಮುದ್ರದ ಕಡೆ ಹೋದವು.

ಮುಖ್ಯ ಅತಿಥಿಗಳು ಎದ್ದು ನಿಂತೇ ಬಿಟ್ಟರು. "ಭಾಳ ಛಲೋ! ಇಂಥಾ ನಟನಾ ನಾ ಎಲ್ಲೂ ನೋಡಿಲ್ರಿ! ಮುಖದಾಗ ಒಂದೀಟರೆ ನಗು ಐತೇನು ನೋಡ್ರಿ ಇವರಿಗೆ! ಮೊದಲನೇ ಬಹುಮಾನ ಇವರಿಗೇ!"

ಹುಲಿಯಾನಿಗೆ ತಡೆಯಲಾಗಲಿಲ್ಲ. ದಿನಗಟ್ಟಲೆ ಕೂತು ಮೇಳ ಕಟ್ಟಿದವನು ಅವನು. "ಸಾಯ್ಬ್ರೆ, ಅವ್ರು ವೇಷ ಹಾಕ್ಲಿಲ್ಲ. ಅವ್ರು ನಮ್ಮ ಮೇಳದವ್ರೂ ಅಲ್ಲ. ಅವ್ರು ಅವ್ರೇ!"

"ಅದನ್ನ ನಾನೂ ಹೇಳಾಕತ್ತೇನಿ ತಮ್ಮಾ. ಅವರು ಅವರೇ ಅನ್ನೂ ಹಂಗ ಮಾಡ್ಯಾರ! ನೀವು ಎರಡನೇದು."

ಮುಳುಗುತ್ತಿದ್ದ ಮಾಸ್ತರರಿಗೆ ಹಗ್ಗ ಸಿಕ್ಕಿತು. ಹೆಗಡೆಯವರ ಕಿವಿಗೆ ಬಾಯಿಟ್ಟರು. "ಹೆಗಡೇರೆ, ಎರಡೇ ದಾರಿ. ಇದು ಹಗರಣ ಅಂತ ಒಪ್ಪಿ ಶಾಲು ಹೊದ್ಕೊಳ್ಳಿ. ಇಲ್ಲಾ ಇದು ನಿಜ ಅಂತ ಹೇಳಿ. ಹೇಳಿದ್ರೆ ಇನ್ನೂ ಉಳಿದ ತಲೆಗಳಿವೆ, ಶ್ರೀಕಾಂತ ಒಂದೊಂದೇ ತಿಂತಾನೆ."

ಹೆಗಡೆಯವರು ಒಂದೇ ಪ್ರಶ್ನೆ ಕೇಳಿದರು.

"ಫಲಕ?"

"ಮೊದಲ ಬಹುಮಾನದ್ದು ಕಪಾಟಲ್ಲಿ ಇಡುವ. ಹೆಸರಿನ ಜೊತೆ."

ಹೆಗಡೆಯವರು ಕೆಂಪು ಕುತ್ತಿಗೆಯನ್ನು ಬಗ್ಗಿಸಿ ಶಾಲು ಹೊದಿಸಿಕೊಂಡರು. ಕೆಳಗೆ ವನಮಾಲಾ ಹಣೆ ಚಚ್ಚಿಕೊಂಡಳು. ಅವಳ ವೇಷದವನೂ ಅದೇ ಗಳಿಗೆಯಲ್ಲಿ ಚಚ್ಚಿಕೊಂಡ. ಅದಕ್ಕೆ ಬೇರೆಯೇ ಚಪ್ಪಾಳೆ ಬಿತ್ತು.

ಹಡಗು ಈಗಲೂ ಗಾಜಿನ ಕಪಾಟಿನಲ್ಲಿದೆ. ಹುಟ್ಟುಗಳು ಹಿಡಿಸದೆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಒಬ್ಬ ನಾವಿಕನಿಗೆ ತಲೆಯಿಲ್ಲ. ಫಲಕದ ಮೇಲಿನ ಸಾಲನ್ನು ಉಜ್ಜಿ ತೆಗೆಸಿ, 'ಹಗರಣ: ಪ್ರಥಮ. ಸುಳ್ಳು ಸೇನಾಪತಿಯ ಪಾತ್ರದಲ್ಲಿ ಶ್ರೀ ವಿಘ್ನೇಶ್ವರ ಹೆಗಡೆ' ಎಂದು ಬರೆಸಿದ್ದಾರೆ. ಹೆಗಡೆಯವರು ಅಂಕೋಲೆಗೆ ಹೋದಾಗಲೆಲ್ಲ ಒಳಗೆ ಹೋಗಿ, ಮಫ್ಲರಿನ ತುದಿಯಿಂದ ಆ ಸಾಲಿನ ಕೊನೆಯ ಭಾಗವನ್ನಷ್ಟೇ ಒರೆಸಿ ಬರುತ್ತಾರೆ.

ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ ಶ್ರೀಕಾಂತ ಹಬ್ಬುವಾಡಕ್ಕೆ ಬಂದಿದ್ದ. ಮನೆ ಮಾಲಕರೂ ಬಂದು ಕೂತಿದ್ದರು. ಚಾ ಆಯಿತು. ಮಾತು ಸುಗ್ಗಿಯ ಕಡೆ ಹೊರಳಿತು. ಮಾಲಕರು ಸುಮ್ಮನೆ, ಮರ್ಯಾದೆಗೆ, "ಹೆಗಡೆಯವರಿಗೆ ಈ ನಟನೆ ಎಲ್ಲಿಂದ ಬಂತೋ!" ಎಂದರು.

ಹೆಗಡೆಯವರು ಕಪ್ಪು ಕೆಳಗಿಟ್ಟರು.

"ರಕ್ತದಲ್ಲೇ ಬಂದದ್ದು. ನಮ್ಮ ಮುತ್ತಜ್ಜನ ಮುತ್ತಜ್ಜ ಸೋದೆ ಅರಸರ ಎದುರು ಹಗರಣ ಕಟ್ತಿದ್ದ. ಪ್ರತಿ ವರ್ಷ ಮೊದಲ ಬಹುಮಾನ ಅವನಿಗೇ."

ಶ್ರೀಕಾಂತ ಕಿಸೆಯಿಂದ ಅಡಕತ್ತರಿ ತೆಗೆದ. "ಅದಕ್ಕೆ ಸಾಕ್ಷಿ ಇದ್ದಾ ಭಾವಾ?"

"ಇಲ್ದೆ ಎಂತಾತು? ಅರಸರು ಹೊದೆಸಿದ ಶಾಲೇ ಇದ್ದು. ಇನ್ನೂರು ವರ್ಷ ಹಳೇದು."

ವನಮಾಲಾ ಕಪ್ಪು ಬಸಿಗಳನ್ನು ಅಲ್ಲೇ ಬಿಟ್ಟು ಎದ್ದು ಹೋಗಿ, ಬಚ್ಚಲುಮನೆಗೆ ಬೀಗ ಹಾಕಿಕೊಂಡು ಬಂದಳು.